ನಡುಗಡಲಿನ ಚಹಾ, ಹಳ್ಳಿಯ ಕೆನೆ

ಸಮುದ್ರಯಾನದಲ್ಲಿ ಹಗಲು ಬಹು ದೀರ್ಘವಾದುದು. ನೆಲದ ಮೇಲಾದರೆ ಕಣ್ಣಿಗೆ ಒಂದು ಮರವೋ, ಒಂದು ಗುಡ್ಡವೋ, ಎದುರುಮನೆಯ ಜಗಲಿಯೋ ಸಿಕ್ಕಿ ಹೊತ್ತು ಹೋಗುವುದೇ ತಿಳಿಯದು. ನಡುಗಡಲಿನಲ್ಲಿ ಬೆಳಿಗ್ಗೆ ಕಂಡ ನೀರೇ ಮಧ್ಯಾಹ್ನಕ್ಕೂ. ಮಧ್ಯಾಹ್ನ ಕಂಡ ಆಕಾಶವೇ ಸಂಜೆಗೂ. ಅದರಲ್ಲಿಯೂ ಇಂಗ್ಲೆಂಡಿನ ಸೌತಾಂಪ್ಟನ್ ರೇವಿನಿಂದ ಅಮೆರಿಕದ ನ್ಯೂಯಾರ್ಕಿಗೆ ಪಡುವಣ ಮುಖವಾಗಿ ಹೋಗುವ ಹಡಗಿನಲ್ಲಿ ಹಗಲು ದೀರ್ಘವೆಂಬುದು ಬರಿಯ ಭಾವನೆಯ ಮಾತಲ್ಲ, ಲೆಕ್ಕದ ಮಾತು. ಆ ಎರಡು ಊರುಗಳ ಗಡಿಯಾರಗಳಿಗೆ ಐದು ಗಂಟೆಗಳ ಅಂತರವುಂಟು. ಸಾಮಾನ್ಯವಾಗಿ ಏಳು ರಾತ್ರಿಗಳ ಆ ಪಯಣದಲ್ಲಿ ಹಡಗಿನ ಗಡಿಯಾರವನ್ನು ಒಂದೊಂದು ಗಂಟೆಯಂತೆ ಹಿಂದಕ್ಕೆ ತಿರುಗಿಸುತ್ತ ಹೋಗುವರು. ಆದುದರಿಂದ ಪ್ರಯಾಣಿಕನಿಗೆ ಇಪ್ಪತ್ತೈದು ಗಂಟೆಗಳ ದಿನಗಳು ಒಂದರ ಹಿಂದೊಂದು ದೊರೆಯುವುವು. ಹೀಗೆ ಹಿಗ್ಗಿದ ದಿನಕ್ಕೆ ನಡುವೆ ಒಂದು ಆಸರೆ ಬೇಕಷ್ಟೆ. ಆಂಗ್ಲರು ಅದನ್ನು ಚಹಾದ ಬಟ್ಟಲಿನಲ್ಲಿ ಕಂಡುಕೊಂಡರು.

ಕ್ಯೂನಾರ್ಡ್ ಸಂಸ್ಥೆಯ ‘ಕ್ವೀನ್ ಮೇರಿ ೨’ ಎಂಬ ಹಡಗು ೨೦೦೪ರ ಜನವರಿಯಲ್ಲಿ ಸೇವೆಯನ್ನಾರಂಭಿಸಿತು. ಉದ್ದ ೩೪೫ ಮೀಟರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಬಂದರೆ ಸಣ್ಣ ಊರಿನ ಪೇಟೆಬೀದಿಯನ್ನು ಸುತ್ತಿದಂತಾಗುವುದು. ಅದರ ನರ್ತನಶಾಲೆಯಲ್ಲಿ ಪ್ರತಿದಿನವೂ ಮಧ್ಯಾಹ್ನ ಮೂರೂವರೆಗೆ ಚಹಾದ ಕೂಟ ನೆರೆಯುವುದು. ಬಿಳಿಯ ಕೈಗವಸು ತೊಟ್ಟ ಪರಿಚಾರಕರು ಸಾಲಾಗಿ ಒಳಗೆ ಬರುವರು. ವಾದ್ಯಗಾರರು ಮೆಲ್ಲನೆ ನುಡಿಸುತ್ತಿರುವರು. ಮೊದಲು ಚಹಾ, ಆಮೇಲೆ ಅಂಚು ಕತ್ತರಿಸಿದ ತೆಳುವಾದ ರೊಟ್ಟಿಯ ತುಂಡುಗಳ ನಡುವೆ ಸೌತೆಕಾಯಿಯನ್ನೋ ಗಿಣ್ಣನ್ನೋ ಇಟ್ಟ ಸ್ಯಾಂಡ್‌ವಿಚ್ಚುಗಳು, ಆಮೇಲೆ ಸಣ್ಣ ಸಣ್ಣ ಕೇಕುಗಳು, ಇವುಗಳ ನಡುವೆ ಬಿಸಿ ಆರದ ‘ಸ್ಕೋನ್’ ಎಂಬ ಗುಂಡನೆಯ ಮೆದು ರೊಟ್ಟಿ. ಅದರ ಜೊತೆಗೆ ಎರಡು ಪುಟ್ಟ ಬಟ್ಟಲು: ಒಂದರಲ್ಲಿ ಸ್ಟ್ರಾಬೆರಿ ಹಣ್ಣಿನ ಜಾಮು, ಮತ್ತೊಂದರಲ್ಲಿ ಹಳದಿ ಬಣ್ಣದ ಗಟ್ಟಿ ಕೆನೆ. ಇಂಗ್ಲಿಷಿನಲ್ಲಿ ಅದನ್ನು ‘ಕ್ಲಾಟೆಡ್ ಕ್ರೀಂ’ ಎನ್ನುವರು.

ಆ ಸಭಾಂಗಣದಲ್ಲಿ ದೀಪದ ಗೊಂಚಲು, ಬೆಳ್ಳಿಯ ಹೂಜಿ, ಪಿಂಗಾಣಿ ಬಟ್ಟಲು, ಎಲ್ಲವೂ ಅರಮನೆಯ ವೈಭವವನ್ನೇ ನೆನಪಿಗೆ ತರುವುವು. ಆದರೆ ಮೇಜಿನ ಮೇಲಿರುವ ಪದಾರ್ಥಗಳಲ್ಲಿ ಅರಮನೆಗೆ ಸ್ವಲ್ಪವೂ ಸಂಬಂಧವಿಲ್ಲದುದೊಂದಿದೆ. ಅದು ಆ ಕೆನೆಯೇ. ಅದು ಹಟ್ಟಿಯ ಸರಕು. ರೈತನ ಹೆಂಡತಿಯ ಒಲೆಯ ಮುಂದೆ, ಬಡತನದ ಲೆಕ್ಕಾಚಾರದಲ್ಲಿ ಹುಟ್ಟಿದ ಪದಾರ್ಥ. ಶ್ರೀಮಂತರ ಹಡಗಿನಲ್ಲಿ ಅದನ್ನು ಸವಿಯುವವರಲ್ಲಿ ಬಹುಮಂದಿಗೆ ಅದರ ಕಥೆ ಗೊತ್ತಿರುವುದಿಲ್ಲ. ನಮ್ಮ ವಾಚಕರಿಗಾದರೂ, ವಿಶೇಷವಾಗಿ ದಿನವೂ ಹಾಲು ಕಾಯಿಸಿ ಕೆನೆ ತೆಗೆಯುವ ಗೃಹಿಣಿಯರಿಗೆ, ಅದು ಹಿಡಿಸೀತೆಂದು ನಂಬಿ ಇಲ್ಲಿ ಕೊಂಚ ವಿಸ್ತಾರವಾಗಿಯೇ ಬರೆಯುತ್ತೇವೆ.

ಇಂಗ್ಲೆಂಡಿನ ಭೂಪಟವನ್ನು ನೋಡಿದರೆ ನೈಋತ್ಯ ಮೂಲೆಯಲ್ಲಿ ಕಾಲು ಚಾಚಿದಂತೆ ಸಮುದ್ರದೊಳಕ್ಕೆ ಹೋಗಿರುವ ಭಾಗವೊಂದು ಕಾಣುವುದು. ಅದೇ ಡೆವನ್ ಮತ್ತು ಕಾರ್ನ್‌ವಾಲ್ ಸೀಮೆ. ಇವೆರಡರ ನಡುವೆ ಟೇಮರ್ ಎಂಬ ನದಿ ಹರಿಯುವುದು. ಅಲ್ಲಿ ಕಡಲ ಗಾಳಿ ಮೃದು, ಮಳೆ ಧಾರಾಳ, ಹುಲ್ಲು ಸಮೃದ್ಧ. ಆದುದರಿಂದ ಹಾಲೂ ಸಮೃದ್ಧ. ಹಸಿರು ಹುಲ್ಲನ್ನು ಮೇಯುವ ಹಸುವಿನ ಹಾಲಿನ ಕೊಬ್ಬಿಗೆ ಹಳದಿ ಬಣ್ಣ ಬರುವುದು ಆ ಹುಲ್ಲಿನ ವರ್ಣದ್ರವ್ಯದಿಂದಲೇ. ಆದರೆ ಕೊಳ್ಳುವವರು ಇರುವುದು ಲಂಡನ್ನಿನಲ್ಲಿ. ಕಾರ್ನ್‌ವಾಲಿನ ಪಡುವಣ ಊರುಗಳಿಂದ ಲಂಡನ್ನು ನಾನೂರು ಕಿಲೋಮೀಟರಿಗೂ ಮಿಗಿಲಾದ ದೂರ. ರೈಲು ಬರುವುದಕ್ಕೆ ಮುಂಚೆ ಹಸಿ ಹಾಲನ್ನು ಅಷ್ಟು ದೂರ ಕಳುಹಿಸುವುದು ಸಾಧ್ಯವೇ ಇರಲಿಲ್ಲ. ದಾರಿಯಲ್ಲಿಯೇ ಒಡೆದುಹೋಗುತ್ತಿತ್ತು. ಹಾಲು ಹೆಚ್ಚು, ಕೊಳ್ಳುವವನು ದೂರ: ಇಂಥ ಕಡೆಯಲ್ಲಿ ಹಾಲನ್ನು ಕೆಡದಂತೆ ಇಡುವ ಉಪಾಯಗಳು ಹುಟ್ಟುವುದು ಸಹಜ. ನಮ್ಮ ಹಳ್ಳಿಗಳಲ್ಲಿ ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿದ ವಿವೇಕವೂ ಇದೇ ಅಲ್ಲವೆ? ಅಲ್ಲಿಯ ಹೆಂಗಸರು ಬೆಣ್ಣೆಯ ಜೊತೆಗೆ ಈ ಕಾಸಿದ ಕೆನೆಯನ್ನೂ ಕಂಡುಹಿಡಿದರು.

ಕ್ರಮವೇನೆಂದರೆ, ಹಾಲನ್ನು ಅಗಲವಾದ ತಗ್ಗು ಬೋಗುಣಿಗಳಲ್ಲಿ ಹುಯ್ದು ತಂಪಾದ ಕೋಣೆಯಲ್ಲಿ ಅರ್ಧ ದಿನ ಅಲುಗಿಸದೆ ಇಡುವರು. ಕೊಬ್ಬು ತಾನಾಗಿ ಮೇಲಕ್ಕೆ ಬರುವುದು. ಆಮೇಲೆ ಬೋಗುಣಿಯನ್ನು ಹಾಗೆಯೇ ಎತ್ತಿ, ಕೆನೆಯ ಪದರ ಕದಲದಂತೆ, ಬಹು ಸಣ್ಣ ಕಾವಿನ ಮೇಲೆ ಇಡುವರು. ಹಾಲು ಕುದಿಯಬಾರದು, ಉಕ್ಕಬಾರದು. ಮೇಲಿನ ಪದರ ಸುಕ್ಕುಗಟ್ಟಿ, ಬೋಗುಣಿಯ ಅಂಚಿನ ಗುಂಟ ಒಂದು ಉಂಗುರ ಮೂಡುವವರೆಗೆ ಕಾಯಬೇಕು. ನಮ್ಮಲ್ಲಿ ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಶುಭವೆನ್ನುವೆವು. ಡೆವನ್ನಿನ ರೈತಗಿತ್ತಿಗೆ ಹಾಲು ಉಕ್ಕಿದರೆ ಆ ದಿನದ ಸಂಪಾದನೆ ಹೋಯಿತೆಂದೇ ಲೆಕ್ಕ. ಉಂಗುರ ಮೂಡಿದ ಮೇಲೆ ಬೋಗುಣಿಯನ್ನು ಇಳಿಸಿ ಮತ್ತೆ ಅರ್ಧ ದಿನ ತಣಿಯಲು ಬಿಡುವರು. ಮರುದಿನ ತೂತುಗಳಿರುವ ಚಪ್ಪಟೆ ಸೌಟಿನಿಂದ ಮೇಲಿನ ಪದರವನ್ನು ಎತ್ತಿದರೆ, ಮೇಲೆ ಹೊನ್ನಿನ ಬಣ್ಣದ ಹಪ್ಪಳದಂಥ ತೊಗಟೆ, ಕೆಳಗೆ ಬೆಣ್ಣೆಗಿಂತ ಮೆದುವಾದ, ಮೊಸರಿಗಿಂತ ಗಟ್ಟಿಯಾದ ಕೆನೆ. ನಿಧಾನವಾದ ಕಾವಿನಿಂದ ಕೆನೆಯೊಳಗಿನ ನೀರಿನಂಶ ಆರುವುದು, ಕೊಬ್ಬಿನ ಕಣಗಳು ಒಂದಕ್ಕೊಂದು ಕೂಡಿಕೊಳ್ಳುವುವು, ಹುರಿದ ಬೀಜದ ಕಂಪೊಂದು ಹುಟ್ಟುವುದು. ಅದೇ ಕಾವಿಗೆ ಹಾಲು ಕೆಡಿಸುವ ಸೂಕ್ಷ್ಮಜೀವಿಗಳೂ ಸಾಯುವುದರಿಂದ, ಹಸಿ ಕೆನೆ ಕೆಟ್ಟುಹೋಗುವ ಹೊತ್ತಿಗೆ ಈ ಕೆನೆ ಇನ್ನೂ ಚೆನ್ನಾಗಿರುವುದು.

ಕೆನೆ ತೆಗೆದ ಹಾಲು ಮನೆಯ ಮಕ್ಕಳಿಗೂ, ಹಂದಿಗಳಿಗೂ ಸಲ್ಲುತ್ತಿತ್ತು. ಕೆನೆಯಾದರೋ ಸಂತೆಗೆ ಹೋಗುತ್ತಿತ್ತು. ಹೊಲದ ಹಣ ಗಂಡನದಾದರೂ ಹಾಲುಮನೆಯ ಆಡಳಿತ ಹೆಂಡತಿಯದು. ಬೆಣ್ಣೆ, ಕೆನೆ, ಮೊಟ್ಟೆಗಳನ್ನು ಮಾರಿ ಬಂದ ಕಾಸಿನಿಂದ ಮನೆಯ ಎಷ್ಟೋ ಕೊರತೆಗಳು ತುಂಬುತ್ತಿದ್ದುವು. ನಮ್ಮ ಬಯಲುಸೀಮೆಯಲ್ಲಿ ಮಜ್ಜಿಗೆ ಕಡೆದು ಬೆಣ್ಣೆ ಮಾರಿ, ಸೆರಗಿನ ಗಂಟಿನಲ್ಲಿ ಕಾಸು ಕಟ್ಟಿಟ್ಟು, ಮಗಳಿಗೆ ಮೂಗುಬೊಟ್ಟು ಮಾಡಿಸಿದ ತಾಯಂದಿರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾರ್ನ್‌ವಾಲಿನ ಈಗಿನ ದೊಡ್ಡ ಕೆನೆ ತಯಾರಕರಾದ ‘ರಾಡ್ಡಾಸ್’ ಸಂಸ್ಥೆಯೂ ೧೮೯೦ರಲ್ಲಿ ಎಲೈಜಾ ಜೇನ್ ರಾಡ್ಡಾ ಎಂಬ ಗೃಹಿಣಿ ತನ್ನ ಹೊಲಮನೆಯ ಅಡಿಗೆಕೋಣೆಯಲ್ಲಿ ಪ್ರಾರಂಭಿಸಿದುದೇ.

ಈ ಕೆನೆ ಮೂಲೆಯ ಸೀಮೆಯಿಂದ ಹೊರಕ್ಕೆ ಬಂದುದಕ್ಕೆ ಮುಖ್ಯವಾದ ಕಾರಣ ರೈಲು. ೧೮೫೯ರಲ್ಲಿ ಬ್ರುನೆಲ್ ಎಂಬ ಪ್ರಸಿದ್ಧ ಯಂತ್ರಶಿಲ್ಪಿ ಟೇಮರ್ ನದಿಗೆ ಸಾಲ್ಟ್ಯಾಷ್ ಎಂಬಲ್ಲಿ ಕಬ್ಬಿಣದ ಸೇತುವೆ ಕಟ್ಟಿ ಮುಗಿಸಿದನು. ಕಾರ್ನ್‌ವಾಲಿನ ಹಳಿಗಳು ದೇಶದ ಇತರ ಹಳಿಗಳೊಡನೆ ಕೂಡಿದುವು. ಬೇಸಿಗೆಯ ರಜೆಗೆ ಪಟ್ಟಣಿಗರು ಆ ಕಡಲ ತೀರಕ್ಕೆ ಬರಲಾರಂಭಿಸಿದರು. ಬಂದವರು ಹೊಲಮನೆಗಳಲ್ಲಿ ಕುಳಿತು ಚಹಾ ಕುಡಿದರು, ಕೆನೆ ತಿಂದರು. ಊರಿಗೆ ಹೊರಡುವಾಗ ನೆಂಟರಿಷ್ಟರಿಗೆ ತಗಡಿನ ಡಬ್ಬಿಗಳಲ್ಲಿ ಕೆನೆಯನ್ನು ಅಂಚೆಯ ಮೂಲಕ ಕಳುಹಿಸಿದರು. ಅಂಚೆಯವನ ಚೀಲದಲ್ಲಿ ಕೆನೆ! ಆ ಪದ್ಧತಿ ಈಗಲೂ ಪೂರ್ತಿ ನಿಂತಿಲ್ಲ. ೧೯೯೮ರಿಂದ ‘ಕಾರ್ನಿಷ್ ಕ್ಲಾಟೆಡ್ ಕ್ರೀಂ’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯೂ ದೊರೆತಿದೆ. ಕಾರ್ನ್‌ವಾಲಿನ ಹಾಲಿನಿಂದ ಅಲ್ಲಿಯೇ ಮಾಡಿದುದಾಗಿರಬೇಕು, ನೂರಕ್ಕೆ ೫೫ ಭಾಗಕ್ಕೆ ಕಡಮೆಯಿಲ್ಲದಂತೆ ಕೊಬ್ಬು ಇರಬೇಕು ಎಂಬುದು ನಿಯಮ. ಬೆಣ್ಣೆಯಲ್ಲಿ ನೂರಕ್ಕೆ ೮೦ ಭಾಗದಷ್ಟಿರುವುದೆಂದು ನೆನೆದರೆ, ಈ ಕೆನೆಯನ್ನು ಎಷ್ಟು ತಿನ್ನಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ನು ಆ ಎರಡು ಸೀಮೆಗಳ ಜಗಳ. ಸ್ಕೋನನ್ನು ಕೈಯಿಂದಲೇ ಅಡ್ಡಲಾಗಿ ಬಿಡಿಸಿ ಎರಡು ಹೋಳು ಮಾಡುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆಮೇಲೆ ಡೆವನ್ನಿನವರು ಮೊದಲು ಕೆನೆ ಹಚ್ಚಿ ಅದರ ಮೇಲೆ ಜಾಮು ಹಾಕುವರು. ಕಾರ್ನ್‌ವಾಲಿನವರು ಮೊದಲು ಜಾಮು, ಆಮೇಲೆ ಕೆನೆ. ನದಿಯ ಈಚೆಯದು ಆಚೆಯವರಿಗೆ ಅನಾಚಾರ! ೨೦೧೮ರಲ್ಲಿ ಕಾರ್ನ್‌ವಾಲಿನ ಲ್ಯಾನ್‌ಹೈಡ್ರಾಕ್ ಎಂಬ ಹಳೆಯ ಬಂಗಲೆಯ ಕಡೆಯಿಂದ ತಾಯಂದಿರ ದಿನಕ್ಕೆ ಹೊರಟ ಚಹಾದ ಪ್ರಕಟನೆಯಲ್ಲಿ ಕೆನೆ ಕೆಳಗೆ, ಜಾಮು ಮೇಲೆ ಇದ್ದ ಚಿತ್ರ ಅಚ್ಚಾಯಿತು. ಊರವರು ಎಷ್ಟು ಕೆರಳಿದರೆಂದರೆ ಬಂಗಲೆಯವರು ಕ್ಷಮೆ ಕೇಳಬೇಕಾಯಿತು. ಹೋಳಿಗೆಗೆ ತುಪ್ಪವೋ ಹಾಲೋ ಎಂದು ಬೀಗರ ಪಂಕ್ತಿಯಲ್ಲಿ ವಾದ ಹೂಡುವ ನಾವು ಅವರನ್ನು ನೋಡಿ ನಗುವಂತಿಲ್ಲ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಸ್ಕೋನ್ ಬಿಸಿಯಾಗಿದ್ದರೆ ಕಾರ್ನ್‌ವಾಲಿನ ಪಕ್ಷವೇ ಮೇಲು; ಬಿಸಿಗೆ ತಾಗಿದ ಕೆನೆ ಕರಗಿ ಎಣ್ಣೆಯಾಗುವುದು. ತಣ್ಣಗಿದ್ದರೆ ಡೆವನ್ನಿನವರ ಮಾತಿಗೂ ಅರ್ಥವುಂಟು. ಬೆಣ್ಣೆಯ ಸ್ಥಾನದಲ್ಲಿ ಕೆನೆ ಕೂತುಕೊಳ್ಳುವುದು. ಹಡಗಿನಲ್ಲಿ ಯಾರೂ ಕೇಳುವುದಿಲ್ಲ.

ಸ್ಕೋನಿನ ವಿಷಯವಾಗಿ ಒಂದೇ ಮಾತು. ಹೆಸರು ಸ್ಕಾಟ್‌ಲೆಂಡಿನದು, ರೊಟ್ಟಿ ಹಳೆಯದು. ಆದರೆ ಈಗಿನಂತೆ ಅದು ಹಗುರವಾಗಿ ಉಬ್ಬುವುದು ಬೇಕಿಂಗ್ ಪುಡಿಯಿಂದ. ಅದನ್ನು ೧೮೪೩ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಸಿದ್ಧಪಡಿಸಿದನು. ಅವನ ಹೆಂಡತಿಗೆ ಹುದುಗು ಹಾಕಿದ ರೊಟ್ಟಿ ಒಗ್ಗುತ್ತಿರಲಿಲ್ಲ. ಮೊಟ್ಟೆಯೂ ಒಗ್ಗುತ್ತಿರಲಿಲ್ಲವೆಂದು ಅವನು ಅದಕ್ಕೆ ಮುಂಚೆಯೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ಮಾಡಿದ್ದನು. ಹೆಂಡತಿಯ ಪಥ್ಯವನ್ನು ಇಷ್ಟು ಶ್ರದ್ಧೆಯಿಂದ ನಡೆಸಿದ ಗಂಡಂದಿರ ಹೆಸರು ಚರಿತ್ರೆಯಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ.

ಮಧ್ಯಾಹ್ನದ ಚಹಾವನ್ನು ಒಂದು ಉಪಚಾರವಾಗಿ ಬಳಕೆಗೆ ತಂದವಳು ಬೆಡ್‌ಫರ್ಡ್ ಪ್ರಾಂತದ ಡಚೆಸ್ ಅನ್ನಾ ಮರಿಯಾ ಎಂದು ಹೇಳುವರು. ಆಕೆ ವಿಕ್ಟೋರಿಯಾ ರಾಣಿಯ ಅಂತಃಪುರದ ಸಖಿ. ಕಾಲ ೧೮೪೦ರ ಸುಮಾರು. ಆಗ ಶ್ರೀಮಂತರ ಮನೆಗಳಲ್ಲಿ ರಾತ್ರಿಯ ಊಟ ಏಳಕ್ಕೆ, ಎಂಟಕ್ಕೆ ಹಿಂದೆ ಸರಿಯುತ್ತಿತ್ತು. ಮಧ್ಯಾಹ್ನದ ಅಲ್ಪಾಹಾರಕ್ಕೂ ಅದಕ್ಕೂ ನಡುವೆ ಹೊಟ್ಟೆ ಕುಗ್ಗುತ್ತಿತ್ತು. ಡಚೆಸ್ ತನ್ನ ಕೋಣೆಗೆ ಚಹಾವನ್ನೂ ಬೆಣ್ಣೆ ಸವರಿದ ರೊಟ್ಟಿಯನ್ನೂ ತರಿಸಿಕೊಂಡಳು, ಗೆಳತಿಯರನ್ನು ಕರೆದಳು, ಪದ್ಧತಿ ಹಬ್ಬಿತು. ಪ್ರಸಂಗವಶಾತ್ ಒಂದು ಮಾತು: ನಮ್ಮ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಸಂಜೆಯ ಉಪಾಹಾರಕ್ಕೆ ‘ಹೈ ಟೀ’ ಎಂದು ಹೆಸರಿಡುವುದುಂಟು, ದೊಡ್ಡವರ ಚಹಾವೆಂಬ ಭಾವನೆಯಿಂದ. ಇಂಗ್ಲೆಂಡಿನಲ್ಲಿ ‘ಹೈ ಟೀ’ ಎಂಬುದು ಕಾರ್ಖಾನೆಯಿಂದ ದಣಿದು ಬಂದ ಕೂಲಿಕಾರರು ಸಂಜೆ ಊಟದ ಮೇಜಿಗೆ ಕುಳಿತು ಹೊಟ್ಟೆ ತುಂಬ ಉಣ್ಣುತ್ತಿದ್ದ ಊಟ. ಡಚೆಸ್‌ಳ ಚಹಾ ಬೇರೆ.

ಡಚೆಸ್ ತನ್ನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ ಅದೇ ಕಾಲಕ್ಕೆ ಸಾಮ್ಯುಅಲ್ ಕ್ಯೂನಾರ್ಡ್ ಎಂಬವನು ಅಟ್ಲಾಂಟಿಕ್ ಸಾಗರಕ್ಕೆ ಹಬೆಹಡಗುಗಳನ್ನು ಇಳಿಸಿದನು. ಮೊದಲನೆಯದಾದ ‘ಬ್ರಿಟಾನಿಯಾ’ ೧೮೪೦ರ ಜುಲೈ ೪ರಂದು ಲಿವರ್‌ಪೂಲಿನಿಂದ ಹೊರಟಿತು. ಆ ಹಡಗಿನಲ್ಲಿ ಪ್ರಯಾಣಿಕರ ಜೊತೆಗೆ ಒಂದು ಹಸುವೂ ಇದ್ದಿತು! ಶೈತ್ಯಾಗಾರವಿಲ್ಲದ ಕಾಲ, ಹೆಂಗಸರಿಗೂ ಮಕ್ಕಳಿಗೂ ಹಸಿ ಹಾಲು ಬೇಕೆಂದರೆ ಹಸುವನ್ನೇ ಹತ್ತಿಸಿಕೊಳ್ಳಬೇಕು. ೧೮೪೨ರ ಜನವರಿಯಲ್ಲಿ ಇದೇ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನಗೆ ಕೊಟ್ಟ ಕೋಣೆ ಎಷ್ಟು ಇಕ್ಕಟ್ಟಾಗಿತ್ತೆಂಬುದನ್ನು ತನ್ನ ಪ್ರವಾಸಗ್ರಂಥದಲ್ಲಿ ಹಾಸ್ಯವಾಗಿ ವರ್ಣಿಸಿದ್ದಾನೆ. ಹಸುವಿನ ಪಾಡನ್ನು ವರ್ಣಿಸುವವರಾರು? ನಮ್ಮ ದೇಶಕ್ಕೆ ಬರುತ್ತಿದ್ದ ಪಿ. ಅಂಡ್ ಓ. ಸಂಸ್ಥೆಯ ಹಡಗುಗಳಲ್ಲಿಯೂ ಹಿಂದೆ ಹಸು, ಕುರಿ, ಕೋಳಿಗಳನ್ನು ಸಾಗಿಸುತ್ತಿದ್ದರು. ತೆರೆ ಎದ್ದಾಗ ಮೇಜಿನ ಮೇಲಿನ ಪಾತ್ರೆಗಳು ಜಾರದಂತೆ ಅಂಚಿಗೆ ಮರದ ಪಟ್ಟಿಗಳನ್ನು ಸಿಕ್ಕಿಸುವರು. ಮೇಜಿನ ಬಟ್ಟೆಯನ್ನು ಒದ್ದೆ ಮಾಡಿ ಹಾಸುವರು. ಒದ್ದೆ ಬಟ್ಟೆಯ ಮೇಲೆ ಪಿಂಗಾಣಿ ಜಾರುವುದಿಲ್ಲ. ರೈಲಿನಲ್ಲಿ ಕಾಫಿ ಹಿಡಿದು ಒದ್ದಾಡಿದವರು ಈ ಉಪಾಯವನ್ನು ನೆನಪಿನಲ್ಲಿಡಬಹುದು.

೧೮೮೨ರಲ್ಲಿ ‘ಡುನೆಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಸಾಗಿಸಿದ ಮೇಲೆ, ಸಮುದ್ರದ ಮೇಲೆ ಆಹಾರವನ್ನು ತಂಪಾಗಿ ಇಡುವ ವಿದ್ಯೆ ಬೇಗ ಬೇಗ ಬೆಳೆಯಿತು. ಹಡಗುಗಳಿಂದ ಹಸುಗಳು ಇಳಿದುವು; ಡಬ್ಬಿಗಳಲ್ಲಿ ಕೆನೆ ಹತ್ತಿತು. ೧೯೩೬ರಲ್ಲಿ ಹೊರಟ ಮೊದಲನೆಯ ‘ಕ್ವೀನ್ ಮೇರಿ’ ಹಡಗಿನ ಕಾಲಕ್ಕೆ ಮಧ್ಯಾಹ್ನದ ಚಹಾ ದೊಡ್ಡ ಹಡಗುಗಳ ದಿನಚರಿಯಲ್ಲಿ ಬೇರೂರಿತ್ತು. ಆ ಹಡಗು ಬಹಳ ಹೊರಳುತ್ತಿತ್ತೆಂದು ಪ್ರಸಿದ್ಧಿ. ೧೯೫೮ರಲ್ಲಿ ಹೊರಳಾಟ ತಡೆಯುವ ರೆಕ್ಕೆಗಳನ್ನು ಅಳವಡಿಸಿದ ಮೇಲೆ ಬಟ್ಟಲುಗಳಿಗೆ ನೆಮ್ಮದಿ ದೊರೆತಿರಬೇಕು.

ಇಷ್ಟು ಹೊತ್ತು ಕೆನೆಯ ಗುಣಗಾನ ಮಾಡಿದೆವು. ಅದರ ಪಕ್ಕದಲ್ಲಿರುವ ಚಹಾ ಮತ್ತು ಸಕ್ಕರೆಗಳ ವಂಶಾವಳಿ ಅಷ್ಟು ನಿರ್ಮಲವಾದುದಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ನಮ್ಮ ಲೇಖನ ಅಪೂರ್ಣವಾಗುವುದು. ಇಂಗ್ಲೆಂಡಿನ ಚಹಾ ಸಿಹಿಯಾದುದು ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಿಂದ. ಆ ತೋಟಗಳಲ್ಲಿ ದುಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ೧೭೯೧ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಪಾರ್ಲಿಮೆಂಟು ತಳ್ಳಿಹಾಕಿದಾಗ, ಆ ದೇಶದ ಲಕ್ಷಾಂತರ ಜನರು ಆ ಸಕ್ಕರೆಯನ್ನೇ ಬಿಟ್ಟರು. ಇದರಲ್ಲಿ ಮುಂದಾಳುಗಳು ಗೃಹಿಣಿಯರು. ಅವರಿಗೆ ಆಗ ಮತದಾನದ ಹಕ್ಕಿರಲಿಲ್ಲ. ಆದರೆ ಮನೆಗೆ ಯಾವ ಸಾಮಾನು ಬರಬೇಕು, ಯಾವುದು ಬರಬಾರದು ಎಂಬುದು ಅವರ ಕೈಯಲ್ಲಿತ್ತು. ಮುಂದೆ ಕೆಲವು ಮನೆಗಳ ಚಹಾದ ಮೇಜಿನ ಮೇಲೆ ವಿಶೇಷವಾದ ಸಕ್ಕರೆ ಬಟ್ಟಲುಗಳು ಕಾಣಿಸಿಕೊಂಡುವು. ಅವುಗಳ ಮೇಲೆ, ಇದು ಇಂಡಿಯಾ ದೇಶದ ಸಕ್ಕರೆ, ಗುಲಾಮರು ಮಾಡಿದುದಲ್ಲ, ಎಂಬ ಅರ್ಥದ ಬರಹವಿರುತ್ತಿತ್ತು. ಅತಿಥಿಯು ಸಕ್ಕರೆಗೆ ಕೈ ನೀಡಿದೊಡನೆ ಆ ಅಕ್ಷರಗಳು ಕಣ್ಣಿಗೆ ಬೀಳುವುವು. ಆ ಬರಹ ಎಷ್ಟು ನಿಜವೆಂಬುದು ಬೇರೆ ಪ್ರಶ್ನೆ. ನಮ್ಮ ದೇಶದಲ್ಲಿಯೂ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದುದು ೧೮೪೩ರಲ್ಲಿ. ಆದರೂ ಉಪಚಾರದ ಮೇಜನ್ನೇ ಧರ್ಮಾಧರ್ಮ ವಿಚಾರದ ಕಟ್ಟೆಯಾಗಿ ಮಾಡಿದ ಆ ಹೆಂಗಸರ ಧೈರ್ಯವನ್ನು ಮೆಚ್ಚದಿರುವುದು ಹೇಗೆ? ಬ್ರಿಟಿಷ್ ಪಾರ್ಲಿಮೆಂಟು ೧೮೦೭ರಲ್ಲಿ ಗುಲಾಮರ ವ್ಯಾಪಾರವನ್ನೂ, ೧೮೩೩ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತು.

ಚಹಾದ ಕಥೆಯೂ ಹಾಗೆಯೇ. ಮೊದಲು ಅದು ಬಂದುದು ಚೀಣಾ ದೇಶದಿಂದ. ೧೮೩೯ರ ಜನವರಿಯಲ್ಲಿ ಅಸ್ಸಾಮಿನ ಚಹಾ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾಯಿತು. ಬರಬರುತ್ತ ನಮ್ಮ ದೇಶದ ಮತ್ತು ಸಿಂಹಳದ ಎಲೆ ಚೀಣಾದ ಎಲೆಯನ್ನು ಹಿಂದಕ್ಕೆ ತಳ್ಳಿತು. ಅಸ್ಸಾಮಿನ ಕಾಡು ಕಡಿದು ತೋಟ ಮಾಡಲು ಛೋಟಾನಾಗಪುರ ಮೊದಲಾದ ಕಡೆಗಳಿಂದ ಕೂಲಿಗಳನ್ನು ಕರಾರಿನ ಮೇಲೆ ತಂದರು. ಕರಾರು ತೀರುವ ಮೊದಲು ತೋಟ ಬಿಟ್ಟು ಹೋದವನಿಗೆ ಶಿಕ್ಷೆಯಿತ್ತು. ಜ್ವರದಿಂದಲೂ ದುಡಿಮೆಯಿಂದಲೂ ಸತ್ತವರು ಅಪಾರ. ಮೂಲತಃ ಕಾಫಿಯ ಭಕ್ತರಾದ ನಮ್ಮ ಕಡೆಯವರಿಗೆ ಚಹಾದ ಈ ಹಿಂದಣ ಕಥೆ ಅಷ್ಟಾಗಿ ತಿಳಿಯದು. ಹಾಗೆಂದು ಕಾಫಿಯ ತೋಟಗಳ ಕಥೆ ಹಾಲಿನಂತೆ ಬೆಳ್ಳಗಿದೆಯೆಂದು ನಾವು ಹೇಳುತ್ತಿಲ್ಲ.

ಹಡಗಿನಲ್ಲಿ ಬಡಿಸುವ ಕೈಗಳೂ ದೂರದವೇ. ಪಿ. ಅಂಡ್ ಓ. ಹಡಗುಗಳ ಭೋಜನಶಾಲೆಯ ಪರಿಚಾರಕರಲ್ಲಿ ಗೋವೆಯವರು ಪ್ರಸಿದ್ಧರಾಗಿದ್ದರು. ಈಗಿನ ವಿಹಾರನೌಕೆಗಳಲ್ಲಿಯೂ ಫಿಲಿಪ್ಪೀನ್ಸ್ ದೇಶದವರೂ ನಮ್ಮ ದೇಶದವರೂ ದೊಡ್ಡ ಸಂಖ್ಯೆಯಲ್ಲಿ ದುಡಿಯುವರು. ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕಾದ ಕೆಲಸ. ಪ್ರಯಾಣಿಕನ ವಿರಾಮದ ಗಂಟೆ ಅವರಿಗೆ ದುಡಿಮೆಯ ಗಂಟೆ. ಪಡುವಣಕ್ಕೆ ಹೋಗುವಾಗ ಗಡಿಯಾರ ಹಿಂದೆ ಸರಿದು ಅವರಿಗೂ ಒಂದೊಂದು ಗಂಟೆಯ ನಿದ್ದೆ ಲಾಭ. ಮೂಡಣಕ್ಕೆ ಮರಳುವಾಗ ಅದೇ ಗಂಟೆಗಳನ್ನು ಒಂದೊಂದಾಗಿ ಹಿಂದಿರುಗಿಸಬೇಕು. ಹಣ ಕೊಟ್ಟಾಗಿದೆಯಲ್ಲಾ ಎಂದು ತಟ್ಟೆಯ ತುಂಬ ಹೇರಿಸಿಕೊಂಡು ಅರ್ಧವನ್ನು ಬಿಡುವ ಪ್ರಯಾಣಿಕರನ್ನು ನಾವು ಎಷ್ಟು ಮಾತ್ರಕ್ಕೂ ಮೆಚ್ಚಲಾರೆವು. ಮದುವೆಯ ಪಂಕ್ತಿಯಲ್ಲಿ ಎಲೆಯ ತುಂಬ ಬಿಟ್ಟು ಏಳುವವರ ಜಾತಿ ಅದು. ಎರಡು ಸ್ಕೋನು, ಒಂದು ಚಮಚ ಕೆನೆ, ಎರಡು ಬಟ್ಟಲು ಚಹಾ, ಬಡಿಸಿದವನ ಮುಖ ನೋಡಿ ಒಂದು ಒಳ್ಳೆಯ ಮಾತು: ಇಷ್ಟಾದರೆ ರಾತ್ರಿಯ ಊಟಕ್ಕೂ ಸ್ಥಳ ಉಳಿಯುವುದು.

ಮಕ್ಕಳು ಹೊರದೇಶಗಳಲ್ಲಿ ನೆಲಸಿರುವ ಮನೆಗಳು ನಮ್ಮಲ್ಲಿ ಈಗ ಕಡಮೆಯಲ್ಲ. ಅಂಥ ಮನೆಗಳ ಹಿರಿಯರು ಇಂಥ ಹಡಗು ಹತ್ತುವುದೂ ಉಂಟು. ಅವರಲ್ಲಿ ಶಾಕಾಹಾರಿಗಳಾದವರಿಗೆ ಒಂದೆರಡು ಸೂಚನೆಗಳು. ಗಟ್ಟಿ ಕೆನೆಯಲ್ಲಿ ಹಾಲಿನ ಹೊರತು ಬೇರೇನೂ ಇರುವುದಿಲ್ಲ; ನಿಶ್ಚಿಂತೆಯಿಂದ ತಿನ್ನಬಹುದು. ಸ್ಕೋನಿಗೆ ಮೊಟ್ಟೆ ಅಗತ್ಯವಿಲ್ಲದಿದ್ದರೂ ಕೆಲವರು ಹಿಟ್ಟಿಗೆ ಸೇರಿಸುವರು, ಅನೇಕರು ಮೇಲೆ ಹೊಳಪಿಗಾಗಿ ಸವರುವರು. ಕೇಳಿ ತಿಳಿಯುವುದು ಲೇಸು. ಲೋಳೆಯಂತೆ ನಡುಗುವ ಸಿಹಿಗಳಲ್ಲಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಇರುವ ಸಂಭವ ಹೆಚ್ಚು. ಸೌತೆಕಾಯಿಯ ಸ್ಯಾಂಡ್‌ವಿಚ್ಚಿಗೆ ಮಾತ್ರ ಯಾವ ಆಕ್ಷೇಪವೂ ಇಲ್ಲ, ರುಚಿಯೂ ಇಲ್ಲ. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎಂದು ನಮ್ಮವರು ಹಂಬಲಿಸುವುದು ನಿಶ್ಚಯ.

ಹಡಗು ಹತ್ತದವರೂ ಈ ಕೆನೆಯನ್ನು ಮನೆಯಲ್ಲಿ ಮಾಡಿ ನೋಡಬಹುದು. ಹಸುವಿನ ಹಾಲಿಗಿಂತ ಎಮ್ಮೆಯ ಹಾಲು ಇದಕ್ಕೆ ಉತ್ತಮ. ಅದರಲ್ಲಿ ಕೊಬ್ಬು ಹೆಚ್ಚು. ತುರ್ಕಿ ದೇಶದಲ್ಲಿ ‘ಕೈಮಾಕ್’ ಎಂಬ ಇಂಥದೇ ಕೆನೆಯನ್ನು ಎಮ್ಮೆಯ ಹಾಲಿನಿಂದ ಮಾಡುವರು. ಪೊಟ್ಟಣದ ಹಾಲುಗಳಲ್ಲಿ ಕೆಲವನ್ನು ಕೊಬ್ಬಿನ ಕಣಗಳು ಒಡೆದು ಹಾಲಿನಲ್ಲೆಲ್ಲ ಬೆರೆಯುವಂತೆ ಯಂತ್ರದಿಂದ ಹದಗೊಳಿಸಿರುವರು. ಅಂಥ ಹಾಲಿನಲ್ಲಿ ಕೆನೆ ಮೇಲೇಳುವುದಿಲ್ಲ. ನಾವು ಎರಡು ಲೀಟರು ಎಮ್ಮೆಯ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಹುಯ್ದು, ನಮ್ಮ ಸೆಕೆಗೆ ಹೊರಗಿಡುವುದು ತರವಲ್ಲವೆಂದು, ರಾತ್ರಿಯೆಲ್ಲ ಶೀತಕಪಾಟಿನಲ್ಲಿಟ್ಟೆವು. ಬೆಳಿಗ್ಗೆ ಆ ಪಾತ್ರೆಯನ್ನು ಮೆಲ್ಲಗೆ ಎತ್ತಿ, ಬಿಸಿನೀರಿದ್ದ ಇನ್ನೊಂದು ಪಾತ್ರೆಯ ಮೇಲೆ ಕೂರಿಸಿ, ಅತಿ ಸಣ್ಣ ಉರಿಯಲ್ಲಿ ಎರಡು ಗಂಟೆಗೂ ಮಿಕ್ಕಿ ಬಿಟ್ಟೆವು, ಕಲಕಲಿಲ್ಲ, ಕುದಿಯಗೊಡಲಿಲ್ಲ. ಮೇಲಿನ ಪದರ ಸುಕ್ಕುಗಟ್ಟಿ ಹಳದಿಗೆ ತಿರುಗಿತು. ಇಳಿಸಿ, ಆರಿಸಿ, ಮತ್ತೆ ಒಂದು ರಾತ್ರಿ ತಂಪಿನಲ್ಲಿಟ್ಟು ತೆಗೆದಾಗ ಸುರುಳಿ ಸುತ್ತಬಹುದಾದಷ್ಟು ದಪ್ಪನೆಯ ಕೆನೆ ದೊರೆಯಿತು. ದಿನದ ಹಾಲನ್ನು ಉಕ್ಕಿಸಿ ತೆಗೆಯುವ ಕೆನೆಗೂ ಇದಕ್ಕೂ ಬಂಧುತ್ವವಿದ್ದರೂ ಕಂಪು ಬೇರೆ, ನವಿರು ಬೇರೆ. ಕಾರ್ನ್‌ವಾಲಿನ ಕೆನೆಯಷ್ಟು ಗಟ್ಟಿಯಾಗಬೇಕಾದರೆ ಹಾಲಿನ ಬದಲು ಕೆನೆಯನ್ನೇ ಹುಯ್ದು, ೮೦ ಡಿಗ್ರಿ ಉಷ್ಣತೆಯ ಒಲೆಪೆಟ್ಟಿಗೆಯಲ್ಲಿ ಹನ್ನೆರಡು ಗಂಟೆಗಳ ಕಾಲ ಇಡಬೇಕು. ಮೂರು ನಾಲ್ಕು ದಿನಗಳೊಳಗೆ ಮುಗಿಸುವುದು ಒಳ್ಳೆಯದು. ಉಳಿದ ಹಾಲಿಗೆ ಹೆಪ್ಪು ಹಾಕಿದರೆ ಮಜ್ಜಿಗೆಗಾಗುವುದು.

ಸ್ಕೋನ್ ಇಲ್ಲವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ಹಳೆಯ ಕಾರ್ನ್‌ವಾಲಿನಲ್ಲಿ ಈ ಕೆನೆಯನ್ನು ‘ಸ್ಪ್ಲಿಟ್’ ಎಂಬ ಹುದುಗು ಬನ್ನಿನ ಜೊತೆಗೆ ತಿನ್ನುತ್ತಿದ್ದರು, ಸ್ಕೋನ್ ಈಚಿನದು. ಬನ್ನಿಗೆ ಕೆನೆ ಹಚ್ಚಿ ಅದರ ಮೇಲೆ ಕಬ್ಬಿನ ಪಾಕವನ್ನು ಸುರಿದು ತಿನ್ನುವ ಬಗೆಗೆ ಅಲ್ಲಿಯವರು ‘ಗುಡುಗು ಮಿಂಚು’ ಎಂಬರ್ಥದ ಹೆಸರಿಟ್ಟಿರುವರು. ಆ ಪಾಕಕ್ಕೆ ನಮ್ಮ ಮಲೆನಾಡಿನ ಜೋನಿಬೆಲ್ಲಕ್ಕಿಂತ ಹತ್ತಿರದ ನೆಂಟ ಮತ್ತಾವುದೂ ಇಲ್ಲ. ಬಿಸಿ ಅಕ್ಕಿರೊಟ್ಟಿಯನ್ನು ಸ್ವಲ್ಪ ಆರಲು ಬಿಟ್ಟು, ಕೆನೆ ಹಚ್ಚಿ, ಮೇ��ೆ ಜೋನಿಬೆಲ್ಲವನ್ನು ತೆಳುವಾಗಿ ಎರೆದು ನಾವು ತಿಂದು ನೋಡಿದೆವು. ಮನೆಯ ಮಕ್ಕಳು ಎರಡನೆಯ ರೊಟ್ಟಿಗೆ ಸಾಲಾಗಿ ನಿಂತುದರಿಂದ, ಮೂರು ದಿನಕ್ಕೆಂದು ಇಟ್ಟಿದ್ದ ಕೆನೆ ಆ ಮಧ್ಯಾಹ್ನವೇ ತೀರಿತು.